ಕ್ಯಾಲ್ಕ್ಯುಲೇಟರ್ ಇಲ್ಲದೆ ಸೈನ್ 18 ಡಿಗ್ರಿ

ಪ್ರಶ್ನೆ: 30, 45, 60 ಡಿಗ್ರಿಗಳ ಬೆಲೆಗಳು ನನಗೆ ಬಾಯಿಪಾಠವಾಗಿವೆ. ಆದರೆ 18 ಡಿಗ್ರಿಯಂತಹ ಕೋನದ ಸೈನ್ ಬೆಲೆಯನ್ನು ಕ್ಯಾಲ್ಕ್ಯುಲೇಟರ್ ಆಗಲಿ ಕೋಷ್ಟಕವಾಗಲಿ ಇಲ್ಲದೆ ಕಂಡುಹಿಡಿಯಬಹುದೇ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಬೀದರ್

ಉತ್ತರ: ಖಂಡಿತ ಕಂಡುಹಿಡಿಯಬಹುದು. ಮೊದಲು ಕೋನವನ್ನು ರೇಡಿಯನ್‌ಗೆ ಬದಲಿಸಿಕೊಳ್ಳಿ. 180 ಡಿಗ್ರಿ ಎಂದರೆ ಪೈ ರೇಡಿಯನ್ ಆದುದರಿಂದ, 18 ಡಿಗ್ರಿ ಅದರ ಹತ್ತನೆಯ ಒಂದು ಭಾಗ, ಅಂದರೆ 0.31416. ಈ ಹೆಜ್ಜೆಯನ್ನು ಬಿಟ್ಟು 18 ಎಂಬ ಸಂಖ್ಯೆಯನ್ನೇ ಸೂತ್ರದಲ್ಲಿ ಹಾಕಿದರೆ ಉತ್ತರಕ್ಕೆ ಅರ್ಥವೇ ಉಳಿಯುವುದಿಲ್ಲ. ಏಕೆಂದರೆ, ತ್ರಿಜ್ಯ 1 ಇರುವ ವೃತ್ತದಲ್ಲಿ ರೇಡಿಯನ್ ಎಂಬುದು ಕಂಸದ ಉದ್ದವೇ ಆಗಿದ್ದು, ಕೋನ ಚಿಕ್ಕದಾದಷ್ಟೂ ಆ ಕಂಸಕ್ಕೂ ಸೈನ್ ರೇಖೆಗೂ (ಕಂಸದ ಒಂದು ತುದಿಯಿಂದ ಇನ್ನೊಂದು ತುದಿಯ ತ್ರಿಜ್ಯಕ್ಕೆ ಎಳೆದ ಲಂಬಕ್ಕೂ) ಇರುವ ಅಂತರ ಕಡಿಮೆಯಾಗುತ್ತದೆ. ಆ ಅಂತರವನ್ನು ತಿದ್ದುವುದೇ ನಮ್ಮ ಲೆಕ್ಕ.

0.31416ರ ಘನವನ್ನು 6ರಿಂದ ಭಾಗಿಸಿದರೆ 0.00517 ಬರುತ್ತದೆ, ಅದನ್ನು ಕಳೆದರೆ 0.30899 ಉಳಿಯುತ್ತದೆ. ಐದನೆಯ ಘಾತವನ್ನು 120ರಿಂದ ಭಾಗಿಸಿ ಬರುವ 0.00003ನ್ನು ಕೂಡಿಸಿದರೆ 0.30902. ಇದು ಸರಿಯೇ ಎಂದು ನೀವೇ ಪರೀಕ್ಷಿಸಬಹುದು: 5ರ ವರ್ಗಮೂಲ 2.23607ರಲ್ಲಿ 1 ಕಳೆದು 4ರಿಂದ ಭಾಗಿಸಿದರೆ ಸೈನ್ 18 ಡಿಗ್ರಿಯ ನಿಖರ ಬೆಲೆ ಸಿಗುತ್ತದೆ, ಅದೂ 0.30902 ಆಗಿದೆ. ಹೀಗೆ ಒಂದು ಪದವನ್ನು ಕಳೆದು ಮುಂದಿನದನ್ನು ಕೂಡಿಸುತ್ತಾ ಹೋಗುವುದಕ್ಕೆ ಸೈನ್ ಶ್ರೇಣಿ ಎನ್ನುತ್ತಾರೆ. ಯೂರೋಪಿನಲ್ಲಿ ಈ ಶ್ರೇಣಿ ತಿಳಿಯುವುದಕ್ಕೆ ಬಹಳ ಮೊದಲೇ ಕೇರಳದ ಗಣಿತಜ್ಞ ಮಾಧವ ಮತ್ತು ಆತನ ಶಿಷ್ಯಪರಂಪರೆಯವರು ಇದನ್ನು ಬಲ್ಲವರಾಗಿದ್ದರು.

ರೇಡಿಯನ್ ಗೊಡವೆಯೇ ಬೇಡವೆನ್ನುವವರಿಗೆ, 7ನೆಯ ಶತಮಾನದ ಮೊದಲನೆಯ ಭಾಸ್ಕರನು ‘ಮಹಾಭಾಸ್ಕರೀಯ’ದಲ್ಲಿ ಕೊಟ್ಟಿರುವ ಸೂತ್ರವಿದೆ. ಕೋನವನ್ನು 180ರಿಂದ ಕಳೆದು, ಉಳಿದದ್ದನ್ನು ಅದೇ ಕೋನದಿಂದ ಗುಣಿಸಿ: 18 × 162 = 2916. ಇದರ ನಾಲ್ಕು ಪಟ್ಟನ್ನು, 40500ರಲ್ಲಿ 2916 ಕಳೆದು ಉಳಿಯುವ 37584ರಿಂದ ಭಾಗಿಸಿದರೆ 0.3103. ನಿಜವಾದ ಬೆಲೆಗಿಂತ ಸುಮಾರು 0.0013ರಷ್ಟು ವ್ಯತ್ಯಾಸ ಇದೆಯಾದರೂ, ಇಷ್ಟು ಸರಳವಾದ ಒಂದು ಭಾಗಾಕಾರದಿಂದ ಇಷ್ಟು ಹತ್ತಿರ ಬರುವುದು ನನಗೆ ಇಂದಿಗೂ ಬೆರಗಿನ ವಿಷಯ.

45 ಡಿಗ್ರಿಗಿಂತ ದೊಡ್ಡ ಕೋನವಿದ್ದರೆ ಪೂರಕ ಕೋನಕ್ಕೆ ಇಳಿಸಿಕೊಳ್ಳಿ. ಸೈನ್ 72 ಎಂದರೆ ಕೋಸೈನ್ 18. ಕೋಸೈನ್‌ಗೆ 1ರಿಂದ 0.31416ರ ವರ್ಗದ ಅರ್ಧವನ್ನು ಕಳೆದು, ನಾಲ್ಕನೆಯ ಘಾತದ 24ನೆಯ ಒಂದು ಭಾಗವನ್ನು ಕೂಡಿಸಬೇಕು: 0.95106. ಸೈನ್ ಬೆಲೆಯನ್ನು ಇದರಿಂದ ಭಾಗಿಸಿದರೆ ಟ್ಯಾನ್ 18 ಡಿಗ್ರಿ, 0.3249.

ನಿಮ್ಮ ಬೀದರ್ ಇರುವುದು ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಗಲು ಇರುಳು ಸಮವಾಗುವ ಮಾರ್ಚ್ ಅಥವಾ ಸೆಪ್ಟೆಂಬರ್ ದಿನದಂದು ಮಾಳಿಗೆಯ ಮೇಲೆ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳು ಅತಿ ಗಿಡ್ಡವಾದ ಕ್ಷಣದಲ್ಲಿ ಅಳೆದು ನೋಡಿ. ಆ ಕ್ಷಣದಲ್ಲಿ ಸೂರ್ಯ ನೆತ್ತಿಯಿಂದ ಅಕ್ಷಾಂಶದಷ್ಟೇ ಕೋನ ವಾಲಿರುವುದರಿಂದ, ನೆರಳು ಕೋಲಿನ ಉದ್ದದ ಸುಮಾರು ಟ್ಯಾನ್ 18ರ ಪಟ್ಟು, ಅಂದರೆ ಸುಮಾರು 32 ಸೆಂಟಿಮೀಟರ್ ಇರುತ್ತದೆ.