ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ: ಬೋರ್ ಮಾಡಿಸುವ ಮೊದಲು ಕ್ಲಚ್ ನೋಡಿಸಿ

ನಿಮ್ಮ 2004ರ ಸ್ಪ್ಲೆಂಡರ್ ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತದೆಂದೂ, ಹಿಂದೆ ಜೋಳದ ಚೀಲ ಹೇರಿದ ಕೂಡಲೇ ಎಂಜಿನ್ ಎಷ್ಟು ಕೂಗಿದರೂ ವೇಗ ಏರುವುದಿಲ್ಲವೆಂದೂ, ಇಂಡಿ ಪಟ್ಟಣದ ಮೆಕ್ಯಾನಿಕ್ಕರು ಬೋರ್ ಮಾಡಿಸಲು (ಎಂಜಿನ್ ಸಿಲಿಂಡರಿನ ಸವೆದ ಒಳಮೈಯನ್ನು ಕೊರೆಸಲು) ಹೇಳಿದ್ದಾರೆಂದೂ ಬರೆದಿದ್ದೀರಿ. ಈ ಲಕ್ಷಣ ಬೋರಿನದಲ್ಲ. ಬೋರು ಸವೆದು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕಳೆದುಕೊಂಡ ಎಂಜಿನ್ ಭಾರ ಬಿದ್ದಾಗ ಸೋತು ದನಿ ಇಳಿಸುತ್ತದೆ. ಕೂಗುವ ತ್ರಾಣವೇ ಅದಕ್ಕಿರುವುದಿಲ್ಲ. ನಿಮ್ಮದು ಕೂಗುತ್ತಿದೆ, ಆದರೆ ಆ ಬಲ ಚಕ್ರಕ್ಕೆ ಮುಟ್ಟುತ್ತಿಲ್ಲ. ಅಂದರೆ ನಡುವೆ ನಿಂತು ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವ ಕ್ಲಚ್ ಜಾರುತ್ತಿದೆ.

ಖಚಿತಪಡಿಸಿಕೊಳ್ಳಲು ಖಾಲಿ ರಸ್ತೆಯಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ ಹೋಗುತ್ತ ಎಕ್ಸಲರೇಟರನ್ನು ಒಮ್ಮೆಲೇ ತಿರುವಿ ನೋಡಿ. ಎಂಜಿನ್ ಸದ್ದು ತಟ್ಟನೆ ಮೇಲೆ ಹಾರಿ, ವೇಗದ ಮುಳ್ಳು ಇದ್ದಲ್ಲೇ ನಿಂತರೆ ಬೇರೆ ಪರೀಕ್ಷೆ ಬೇಡ. ಚೈನು ಸ್ಪ್ರಾಕೆಟ್ಟಿನ ಹಲ್ಲು ಹಾರಿಸುತ್ತಿದ್ದರೆ ಕಟಕಟ ಸದ್ದಿನೊಂದಿಗೆ ಗಾಡಿ ಜಗ್ಗುತ್ತದೆ. ಕ್ಲಚ್ ಹಾಗಲ್ಲ, ಅದು ಸದ್ದಿಲ್ಲದೆ ಜಾರುತ್ತದೆ.

ಮೊದಲು ನೋಡಬೇಕಾದದ್ದು ಕೇಬಲ್. ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರಿನಷ್ಟು ಸಡಿಲು ಇರಲೇಬೇಕು. ಕ್ಲಚ್ಚಿನೊಳಗೆ ಒಂದನ್ನೊಂದು ಒತ್ತಿ ಹಿಡಿಯುವ ಪ್ಲೇಟುಗಳು ಸವೆದಂತೆ ಈ ಸಡಿಲು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಇದನ್ನರಿಯದೆ ನಮ್ಮಲ್ಲಿ ಅನೇಕರು ಕ್ಲಚ್ ಸರಿಯಿಲ್ಲವೆಂದು ಕೇಬಲನ್ನು ಇನ್ನೂ ಬಿಗಿ ಮಾಡಿಸುತ್ತಾರೆ. ಆಗ ಲಿವರ್ ಹಿಡಿಯದಿದ್ದರೂ ಕ್ಲಚ್ ಅರ್ಧ ಹಿಡಿದ ಹಾಗೆಯೇ ಇದ್ದು, ಪ್ಲೇಟುಗಳು ದಿನವಿಡೀ ಸುಡುತ್ತಿರುತ್ತವೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ ಸಡಿಲು ಉಳಿಯುತ್ತದೆಯೇ, ಬಿಟ್ಟ ಲಿವರ್ ತಾನೇ ಹಿಂದಕ್ಕೆ ಬರುತ್ತದೆಯೇ ನೋಡಿ. ನಿಮ್ಮ ಕಡೆಯ ಎರೆಮಣ್ಣಿನ ಧೂಳು ಹೊಕ್ಕು ಕೇಬಲ್ ಒಳಗೇ ಹಿಡಿದುಕೊಂಡಿದ್ದರೆ ಹೊಸದನ್ನೇ ಹಾಕಿಸುವುದು ಮೇಲು.

ಎರಡನೆಯದು ಆಯಿಲ್. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಸಂಬಂಧಿಕರ ಕಾರಿಗೆ ತಂದು ಉಳಿದಿದ್ದ ಆಯಿಲನ್ನು, ದುಬಾರಿಯದು ಒಳ್ಳೆಯದೇ ಇರಬೇಕೆಂದು ನನ್ನ ಹಳೆಯ ಗಾಡಿಗೆ ಸುರಿದಿದ್ದೆ. ಬೆಳಗಾವಿ ಪೇಟೆಯೊಳಗೆ ಏನೂ ಗೊತ್ತಾಗಲಿಲ್ಲ. ಗೋವೆಯಿಂದ ಮರಳುವಾಗ ಚೋರ್ಲಾ ಘಾಟಿನಲ್ಲಿ, ಹಿಂದೆ ಹೆಂಡತಿ ಕೂತಿದ್ದಾಗ, ಎಂಜಿನ್ ಅರಚಿತೇ ಹೊರತು ಗಾಡಿ ಏರಲಿಲ್ಲ, ಕೊನೆಗೆ ಆಕೆ ಸ್ವಲ್ಪ ದೂರ ನಡೆಯಬೇಕಾಯಿತು. (ಆ ಮಾತು ಮನೆಯಲ್ಲಿ ಇಂದಿಗೂ ಬರುತ್ತದೆ.) ಇಂಥ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ, ಆದರೆ ಕಾರಿನ ಅನೇಕ ಆಯಿಲುಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿದ್ದು, ಕ್ಲಚ್ ಪ್ಲೇಟು ಹಿಡಿಯುವುದೇ ಆ ಘರ್ಷಣೆಯಿಂದ. ಡಬ್ಬಿಯ ಮೇಲೆ ಜಪಾನೀ ಗುಣಮಟ್ಟದ ಗುರುತಾದ ಜಾಸೋ ಎಂಎ (JASO MA) ಅಥವಾ ಎಂಎ2 (MA2) ಎಂದಿರಲಿ. ಎಂಬಿ (MB) ಎಂದಿದ್ದರೆ ಅದು ಗೇರಿಲ್ಲದ ಸ್ಕೂಟರುಗಳಿಗೆ. ತಪ್ಪು ಆಯಿಲ್ ಬಿದ್ದಿದ್ದರೆ ಎಂಜಿನ್ ಬಿಸಿಯಿರುವಾಗ ಇಳಿಸಿ, ಸರಿಯಾದದ್ದು ಹಾಕಿ, ಕೆಲವು ದಿನ ಓಡಿಸಿ ಮತ್ತೊಮ್ಮೆ ಬದಲಿಸಿ. ನನ್ನ ಗಾಡಿ ಇಷ್ಟರಿಂದಲೇ ಸರಿಹೋಯಿತು.

ಇವೆರಡೂ ಸರಿಯಿದ್ದರೆ ಬಲಗಡೆಯ ಕವರ್ ಬಿಚ್ಚಿಸಬೇಕು. ಘರ್ಷಣೆಯಿಂದ ಹಿಡಿಯುವ ಫ್ರಿಕ್ಷನ್ ಪ್ಲೇಟಿನ ಸವೆತ ಮಿಲಿಮೀಟರಿನ ಹತ್ತನೆಯ ಭಾಗಗಳ ಲೆಕ್ಕದ್ದು, ಆದ್ದರಿಂದ ಕಣ್ಣಳತೆ ನಂಬದೆ ವರ್ನಿಯರ್ ಮಾಪಕದಿಂದ ಅಳೆಯಿಸಿ ಸರ್ವಿಸ್ ಕೈಪಿಡಿಯ ಮಿತಿಗೆ ಹೋಲಿಸಿರಿ. ಉಕ್ಕಿನ ಪ್ಲೇಟುಗಳನ್ನು ಗಾಜಿನ ಮೇಲಿಟ್ಟರೆ ಬಾಗಿದ್ದು ಗೊತ್ತಾಗುತ್ತದೆ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಅವು ಸುಟ್ಟಿವೆ. ಕೆಲವು ಗ್ಯಾರೇಜುಗಳಲ್ಲಿ ಪ್ಲೇಟು ಮಾತ್ರ ಹೊಸದು ಹಾಕಿ ಹಳೆಯ ಸ್ಪ್ರಿಂಗುಗಳನ್ನೇ ಕೂರಿಸುತ್ತಾರೆ, ಇದು ನನಗೆ ಒಪ್ಪಿಗೆಯಿಲ್ಲ. ಇಪ್ಪತ್ತು ವರ್ಷ ಬಿಸಿಯಲ್ಲಿ ಬೆಂದ ಸ್ಪ್ರಿಂಗು ಕುಗ್ಗಿ ಒತ್ತುವ ಬಲ ಕಳೆದುಕೊಂಡಿರುತ್ತದೆ, ಅದು ಹೊಸ ಪ್ಲೇಟನ್ನೂ ಜಾರಿಸುತ್ತದೆ. ಎಲ್ಲ ಸ್ಪ್ರಿಂಗುಗಳನ್ನೂ ಒಟ್ಟಿಗೆ ಬದಲಿಸಿ. ಹೊಸ ಪ್ಲೇಟುಗಳು ಹಿಂದಿನ ರಾತ್ರಿಯೇ ಎಂಜಿನ್ ಆಯಿಲಿನಲ್ಲಿ ನೆನೆದಿರಲಿ, ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಲಿ, ಕವರಿನ ಗ್ಯಾಸ್ಕೆಟ್ ಹೊಸದಿರಲಿ.

ಜೋಡಿಸಿದ ಮೇಲೆ ಕೇಬಲಿನ ಸಡಿಲನ್ನು ಹೊಸದಾಗಿ ಹೊಂದಿಸಬೇಕು, ಎರಡು ಮೂರು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು, ಏಕೆಂದರೆ ಹೊಸ ಪ್ಲೇಟುಗಳು ಕೂರುವಾಗ ಅದು ಬದಲಾಗುತ್ತದೆ. ಆಮೇಲೆ ಅದೇ ಜೋಳದ ಚೀಲಗಳನ್ನು ಹೇರಿ, ಅದೇ ರಸ್ತೆಯಲ್ಲಿ ನಾಲ್ಕನೆಯ ಗೇರಿನ ಪರೀಕ್ಷೆಯನ್ನು ಮತ್ತೆ ಮಾಡಿ.