ರಾಣಿ ಇಲ್ಲದ ಗೂಡು ಮುಂದೇನು ಮಾಡುತ್ತದೆ?

ಪ್ರಶ್ನೆ: ತೋಟದಲ್ಲಿ ಮೂರು ತುಡುವೆ ಜೇನು ಪೆಟ್ಟಿಗೆ ಇಟ್ಟಿದ್ದೇನೆ. ಒಂದರಲ್ಲಿ ವಾರದಿಂದ ರಾಣಿ ಕಾಣುತ್ತಿಲ್ಲ. ಮುಚ್ಚಳ ತೆಗೆದರೆ ನೊಣಗಳು ಬೇರೆಯೇ ಥರ ಗುಂಯ್‌ಗುಡುತ್ತವೆ. ‘ಅವೇ ಹೊಸ ರಾಣಿ ಮಾಡಿಕೊಳ್ಳುತ್ತವೆ, ಸುಮ್ನಿರಿ’ ಅಂತಾರೆ ಪಕ್ಕದ ತೋಟದವರು. ನಿಜವಾ? ಕಣಜ, ಇರುವೆಗಳಲ್ಲೂ ಹೀಗೇನಾ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಮಾಡಿಕೊಳ್ಳುತ್ತವೆ, ಆದರೆ ಯಾವಾಗಲೂ ಅಲ್ಲ. ಸುಮ್ಮನೆ ಮಾತ್ರ ಇರಬೇಡಿ, ಇವತ್ತೇ ಪೆಟ್ಟಿಗೆ ತೆಗೆದು ನೋಡಿ.

ಮೊದಲು ರಾಣಿಯನ್ನಲ್ಲ, ಮೊಟ್ಟೆಯನ್ನು ಹುಡುಕಿ. ತುಡುವೆ ರಾಣಿ ಓಡಿ ಅಡಗಿಕೊಳ್ಳುವುದರಲ್ಲಿ ಚುರುಕು, ಕಣ್ಣಿಗೆ ಬೀಳಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ. ಕೋಶದ ತಳದಲ್ಲಿ ಒಂದೊಂದೇ ಮೊಟ್ಟೆ ಕಂಡರೆ ರಾಣಿ ಇದ್ದಾಳೆ, ಇಲ್ಲವೇ ಮೂರು ದಿನದ ಹಿಂದಿನವರೆಗಾದರೂ ಇದ್ದಳು.

ನಿಜಕ್ಕೂ ಹೋಗಿದ್ದರೆ ನೊಣಗಳಿಗೆ ಕೆಲವೇ ಗಂಟೆಗಳಲ್ಲಿ ಗೊತ್ತಾಗುತ್ತದೆ. ರಾಣಿಯ ಮೈಯಿಂದ ಹೊರಡುವ ರಾಸಾಯನಿಕವನ್ನು ಸುತ್ತಲಿನ ನೊಣಗಳು ನೆಕ್ಕಿ, ಒಂದರಿಂದ ಒಂದಕ್ಕೆ ದಾಟಿಸಿ, ಪೆಟ್ಟಿಗೆ ತುಂಬಾ ಹರಡುತ್ತಿರುತ್ತವೆ. ಅದು ನಿಂತ ಕೂಡಲೇ ಗದ್ದಲ ಶುರು. ನಿಮಗೆ ಕೇಳಿಸಿದ್ದು ಬಹುಶಃ ಅದೇ. ಆಮೇಲೆ ಅವು ಎಳೆಯ ಹೆಣ್ಣು ಮರಿಹುಳುಗಳನ್ನು ಆರಿಸಿ, ಕೋಶವನ್ನು ದೊಡ್ಡದು ಮಾಡಿ, ರಾಜಶಾಹಿ ರಸವನ್ನೇ (ರಾಯಲ್ ಜೆಲ್ಲಿ) ಉಣಿಸಿ ರಾಣಿಯಾಗಿ ಬೆಳೆಸುತ್ತವೆ. ಕುಟುಂಬ ಎರಡಾಗಿ ಪಾಲಾಗುವಾಗ ಕಟ್ಟುವ ರಾಣಿ ಕೋಶ ಎರಿಯ (ಮೇಣದ ಹಲ್ಲೆಯ) ಕೆಳ ಅಂಚಿನಲ್ಲಿರುತ್ತದೆ. ತುರ್ತಿಗೆ ಕಟ್ಟಿದ್ದು ಎರಿಯ ನಡುವೆಯೇ ಕಡಲೆಕಾಯಿ ಥರ ಜೋತಿರುತ್ತದೆ.

ಇಲ್ಲಿ ಲೆಕ್ಕ ತಪ್ಪಬಾರದು. ಮೊಟ್ಟೆ ಒಡೆಯಲು ಮೂರು ದಿನ, ಆಮೇಲೆ ಮರಿಹುಳು ರಾಣಿಯಾಗಲು ಯೋಗ್ಯವಾಗಿರುವುದು ಹೆಚ್ಚೆಂದರೆ ಇನ್ನು ಮೂರು ದಿನ. ಅಂದರೆ ರಾಣಿ ಹೋಗಿ ವಾರ ಆಗಿದ್ದರೆ, ಒಂದೋ ರಾಣಿ ಕೋಶ ಈಗಾಗಲೇ ಎದ್ದಿರಬೇಕು, ಇಲ್ಲಾಂದ್ರೆ ಆ ಕುಟುಂಬ ತಾನಾಗಿ ರಾಣಿ ಮಾಡಿಕೊಳ್ಳುವ ಕಾಲ ಮುಗಿದಿದೆ.

ಕೋಶ ಕಂಡರೆ ಮುಟ್ಟಬೇಡಿ, ಪದೇ ಪದೇ ತೆಗೆದು ನೋಡಲೂಬೇಡಿ. ಹೊಸ ರಾಣಿ ಹೊರಬಂದು, ಹಾರಿ ಗಂಡು ನೊಣಗಳ ಜತೆ ಕೂಡಿ, ಮೊಟ್ಟೆ ಇಡಲು ಶುರು ಮಾಡುವ ಹೊತ್ತಿಗೆ ಸುಮಾರು ಒಂದು ತಿಂಗಳೇ ಆಗುತ್ತದೆ. ನಿಮ್ಮ ಕಡೆಯ ಜಡಿಮಳೆಯಲ್ಲಿ ಈ ಹಾರಾಟ ಕೆಟ್ಟುಹೋಗುವುದು ಜಾಸ್ತಿ, ಗಂಡು ನೊಣಗಳೂ ಆಗ ಅಪರೂಪ. ಕೋಶ ಇಲ್ಲದಿದ್ದರೆ ಉಳಿದೆರಡು ಪೆಟ್ಟಿಗೆಗಳಲ್ಲಿ ಗಟ್ಟಿಯಾದ ಒಂದರಿಂದ ಮೊಟ್ಟೆ, ಎಳೆ ಮರಿಹುಳು ಇರುವ ಚೌಕಟ್ಟು ತೆಗೆದು ಇದಕ್ಕೆ ಕೊಡಿ. ಆ ಚೌಕಟ್ಟಿನ ಜತೆ ಅಲ್ಲಿನ ರಾಣಿಯೂ ಬಂದುಬಿಡದಂತೆ ಎರಡು ಸಲ ನೋಡಿಕೊಳ್ಳಿ.

ತಡ ಮಾಡಿದರೆ ಕೆಲಸಗಾರ ನೊಣಗಳೇ ಮೊಟ್ಟೆ ಇಡತೊಡಗುತ್ತವೆ. ಹೊರಗಿನಿಂದ ಬಂದ ಮೆಲ್ಲಿಫೆರಾ ಜೇನಿಗಿಂತ ತುಡುವೆಯಲ್ಲಿ ಇದು ಬೇಗ ಆಗುತ್ತದೆ. ಒಂದೇ ಕೋಶದಲ್ಲಿ ನಾಲ್ಕೈದು ಮೊಟ್ಟೆ, ತಳಕ್ಕೆ ಮುಟ್ಟದೆ ಗೋಡೆಗೆ ಅಂಟಿದ ಮೊಟ್ಟೆ ಕಂಡರೆ ಅದೇ ಅಂತ ತಿಳಿಯಿರಿ. ಕೆಲಸಗಾರ ನೊಣಗಳು ಗಂಡಿನ ಜತೆ ಕೂಡಿದವಲ್ಲ, ಕೂಡದೆ ಇಟ್ಟ ಮೊಟ್ಟೆಯಿಂದ ಹುಟ್ಟುವುದೆಲ್ಲ ಗಂಡು. ಮೇವು ತರಲು ಹೊಸ ಹೆಣ್ಣು ನೊಣ ಹುಟ್ಟುವುದೇ ಇಲ್ಲ, ಕುಟುಂಬ ಕರಗುತ್ತಾ ಹೋಗುತ್ತದೆ. ಇಂಥ ಪೆಟ್ಟಿಗೆಗೆ ನೇರವಾಗಿ ರಾಣಿ ಬಿಟ್ಟರೆ ಕೊಂದುಹಾಕಬಹುದು. ಸಂಜೆ ಹೊತ್ತು ಎರಡೂ ಪೆಟ್ಟಿಗೆಗಳ ನಡುವೆ ನ್ಯೂಸ್‌ಪೇಪರ್ ಹಾಳೆ ಇಟ್ಟು, ರಾಣಿ ಇರುವ ಗಟ್ಟಿ ಕುಟುಂಬದ ಜತೆ ಸೇರಿಸುವುದೇ ವಾಸಿ.

ಕಣಜದ ಕಥೆ ಬೇರೆ, ನನಗಂತೂ ಅದೇ ಹೆಚ್ಚು ಇಷ್ಟ. ರೋಪಾಲಿಡಿಯಾ ಮಾರ್ಜಿನೇಟಾ ಅನ್ನುವ, ಕಾಗದದಂಥ ಗೂಡು ಕಟ್ಟುವ ಕಣಜವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಕೂತು ನೋಡಿದ್ದಾರೆ. ಅದರ ರಾಣಿ ಸಾಧು, ಯಾರ ಮೇಲೂ ಜೋರು ಮಾಡುವುದಿಲ್ಲ. ಅವಳನ್ನು ತೆಗೆದರೆ ಅರ್ಧ ಗಂಟೆಯೊಳಗೆ ಒಬ್ಬಳು, ಒಬ್ಬಳೇ ಒಬ್ಬಳು, ಉಳಿದವರ ಮೇಲೆ ಎರಗತೊಡಗುತ್ತಾಳೆ. ರಾಣಿಯನ್ನು ವಾಪಸ್ ಬಿಟ್ಟರೆ ತೆಪ್ಪಗಾಗುತ್ತಾಳೆ. ಬಿಡದಿದ್ದರೆ ಸುಮಾರು ಒಂದು ವಾರದಲ್ಲಿ ಮೊಟ್ಟೆ ಇಡುತ್ತಾಳೆ, ಆಮೇಲೆ ಅವಳೂ ಸಾಧುವೇ. ಆ ಒಬ್ಬಳು ಯಾರು ಅಂತ ಮೊದಲೇ ನೋಡಿ ಹೇಳಲು ವಿಜ್ಞಾನಿಗಳಿಗೆ ಆಗಲಿಲ್ಲ, ಆದರೆ ಕಣಜಗಳಿಗೆ ಗೊತ್ತಿರುವಂತಿದೆ! ಹೀಗೆ ರಾಣಿಯ ಜಾಗಕ್ಕೆ ಬಂದವರನ್ನು ಒಬ್ಬರಾದ ಮೇಲೆ ಒಬ್ಬರನ್ನು ತೆಗೆಯುತ್ತಾ ಹೋದಾಗಲೂ ಐದನೆಯವಳವರೆಗೆ ಜಗಳವಿಲ್ಲದೆ ಸರದಿ ನಡೆದಿದೆ.

ಇರುವೆಗಳಲ್ಲಿ ಒಂದೇ ನಿಯಮ ಇಲ್ಲ. ಪಶ್ಚಿಮ ಘಟ್ಟದ ಕಾಡಿನಲ್ಲಿರುವ ಜಿಗಿಯುವ ಇರುವೆಯಲ್ಲಿ (ಹಾರ್ಪೆಗ್ನಾಥೋಸ್) ರಾಣಿ ಸತ್ತರೆ ಕೆಲಸಗಾರ್ತಿಯರು ತಲೆಯ ಮೇಲಿನ ಮೀಸೆಯಿಂದ (ಆಂಟೆನಾ) ಹೊಡೆದಾಡುತ್ತಾರೆ, ಅದು ವಾರಗಟ್ಟಲೆ ನಡೆಯುತ್ತದೆ. ಗೆದ್ದವರ ಅಂಡಾಶಯ ಬೆಳೆದು ರಾಣಿಯ ಬದಲು ಅವರೇ ಮೊಟ್ಟೆ ಇಡುತ್ತಾರೆ, ಮಿದುಳು ಸುಮಾರು ಕಾಲು ಭಾಗ ಕುಗ್ಗುತ್ತದೆ, ಆಯಸ್ಸು ಏಳು ತಿಂಗಳಿಂದ ನಾಲ್ಕು ವರ್ಷದ ತನಕ ಹೋಗುತ್ತದೆ. ಅಂಥವರನ್ನು ಮತ್ತೆ ಕೆಲಸಕ್ಕೆ ತಳ್ಳಿದರೆ ಮಿದುಳು ಮೊದಲಿನಷ್ಟೇ ದೊಡ್ಡದಾಗುತ್ತದೆ ಅನ್ನುವುದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ.

ನೀವು ಚಟ್ನಿ ಮಾಡುವ ಚಿಗಳಿಗೆ (ಮರದ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಈ ದಾರಿ ಇಲ್ಲ. ಜಿಗಿಯುವ ಇರುವೆಯಂತೆ ಅದರ ಕೆಲಸಗಾರರು ಗಂಡಿನ ಜತೆ ಕೂಡುವುದಿಲ್ಲ. ರಾಣಿ ಹೋದರೆ ಅವೂ ಮೊಟ್ಟೆ ಇಡುತ್ತವೆ, ಹುಟ್ಟುವುದು ಗಂಡೇ. ಆ ಗಂಡುಗಳು ರೆಕ್ಕೆ ಬಂದು ಹಾರಿ ಹೋಗುತ್ತವೆ, ಇದ್ದ ಕೆಲಸಗಾರರು ಮುಗಿದಂತೆ ಮರದ ಮೇಲಿನ ಗೂಡುಗಳು ಒಂದೊಂದಾಗಿ ಖಾಲಿಯಾಗುತ್ತವೆ.