ದೊಡ್ಡ ಮಗುವನ್ನು ದತ್ತು ಪಡೆಯುವ ಆಸೆಯಲ್ಲಿದ್ದೇವೆ. ಮಕ್ಕಳಿರುವ ಸ್ನೇಹಿತರು ಮ್ಯೂಸಿಯಂಗೆ ಕರೆದಿದ್ದಾರೆ. ಹೋಗಬೇಕಾ? ವಿಷಯ ಹೇಳಬೇಕಾ?

ಏಳೆಂಟು ವರ್ಷ ದಾಟಿದ ಮಗುವನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ್ದೀರಿ, ಯಾರಿಗೂ ಇನ್ನೂ ಹೇಳಿಲ್ಲ. ಅಷ್ಟರಲ್ಲಿ ಸ್ನೇಹಿತರು ಮಕ್ಕಳನ್ನೆಲ್ಲ ಕರೆದುಕೊಂಡು ಒಂದು ದಿನ ಮ್ಯೂಸಿಯಂಗೆ ಹೋಗೋಣ ಅಂದಿದ್ದಾರೆ. ಹೋದರೆ ಸಂಕಟ, ಹೋಗದಿದ್ದರೆ ನೂರು ಪ್ರಶ್ನೆ ಅಂತ ಬರೆದಿದ್ದೀರಿ.

ಹೋಗಿ. ಹೇಳಿ ಕೂಡ. ಆದರೆ ಎಷ್ಟು ಹೇಳಬೇಕು ಅನ್ನುವುದನ್ನು ಹೊರಡುವ ಮೊದಲೇ ನೀವಿಬ್ಬರೂ ಕೂತು ತೀರ್ಮಾನ ಮಾಡಿಕೊಳ್ಳಿ.

ನಾನೂ ನನ್ನ ಗಂಡನೂ ಇದೇ ದಾರಿಯಲ್ಲಿದ್ದೇವೆ. ಹೋಂ ಸ್ಟಡಿ, ಅಂದರೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ನಮ್ಮನ್ನು ನೋಡಿ ಮಾತಾಡಿಸುವ ಪರಿಶೀಲನೆ, ಮುಗಿದಿದೆ, ಒಪ್ಪಿಗೆ ಸಿಕ್ಕಿದೆ, ಮಗು ಯಾರು ಅನ್ನುವುದು ಮಾತ್ರ ಇನ್ನೂ ಗೊತ್ತಿಲ್ಲ. ಇತ್ತೀಚೆಗೆ ನಾವೂ ಇಂಥದ್ದೇ ಒಂದು ದಿನ ಸ್ನೇಹಿತರ ಸಂಸಾರಗಳ ಜೊತೆ ಮ್ಯೂಸಿಯಂ ಸುತ್ತಿದೆವು. ಅದಕ್ಕೇ ನಿಮ್ಮ ಪ್ರಶ್ನೆ ಕಂಡ ಕೂಡಲೇ ಉತ್ತರ ಬರೆಯಲು ಕೂತೆ.

ಸಂಕಟ ಆಗುತ್ತದೆ. ಆಗುವುದಿಲ್ಲ ಅಂತ ಸುಳ್ಳು ಹೇಳಲಾರೆ. ನನಗೆ ಆಗಿದ್ದು ನಾನು ಎಣಿಸಿದ ಕಡೆಯಿಂದ ಅಲ್ಲ. ಪುಟ್ಟ ಮಕ್ಕಳನ್ನು ಎತ್ತಿಕೊಂಡವರನ್ನು ನೋಡಿ ಏನೂ ಅನ್ನಿಸಲಿಲ್ಲ. ಡೈನೋಸಾರ್ ಅಸ್ಥಿಪಂಜರದ ಮುಂದೆ ನಿಂತಾಗ ಒಬ್ಬ ಸ್ನೇಹಿತ ತನ್ನ ಮಗನಿಗೆ, "ಮೂರು ವರ್ಷದವನಿದ್ದಾಗ ಇದನ್ನ ನೋಡಿ ನನ್ನ ಕುತ್ತಿಗೆಗೆ ಜೋತುಬಿದ್ದಿದ್ದೆ, ನೆನಪಿದೆಯಾ?" ಅಂದ. ಹುಡುಗ ನಾಚಿಕೊಂಡು ನಕ್ಕ. ಆಗ ಕರುಳು ಹಿಂಡಿದಂತಾಯಿತು. ನಮ್ಮ ಮಗುವಿಗೂ ಈಗಾಗಲೇ ಮೂರು ವರ್ಷ ತುಂಬಿ ಹೋಗಿದೆ. ಅದು ಆಗ ಯಾವುದಕ್ಕೆ ಹೆದರಿತ್ತು, ಯಾರ ಕುತ್ತಿಗೆ ಹಿಡಿದುಕೊಂಡಿತ್ತು, ಹಿಡಿದುಕೊಳ್ಳಲು ಯಾರಾದರೂ ಇದ್ದರಾ, ನಮಗೆ ಗೊತ್ತಿಲ್ಲ. ಬಹುಶಃ ಎಂದೂ ಪೂರ್ತಿ ಗೊತ್ತಾಗುವುದೂ ಇಲ್ಲ.

ಈ ದುಃಖ ಬರಲಿ ಬಿಡಿ. ಮಗು ಮನೆಗೆ ಬರುವ ಮೊದಲೇ ಬಂದರೆ ಇನ್ನೂ ಒಳ್ಳೆಯದು, ಏಕೆಂದರೆ ಇದು ನಮ್ಮ ದುಃಖ, ಅದನ್ನು ಹೊರುವ ಕೆಲಸ ಮಗುವಿನದಲ್ಲ. "ನೀನು ಚಿಕ್ಕವನಿದ್ದಾಗಲೇ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು" ಅನ್ನುವ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಕೇಳುವ ಮಗುವಿಗೆ, ಈಗಿನ ತಾನು ಸಾಲದು ಅನ್ನಿಸಬಹುದು.

ಆ ದಿನದ ಇನ್ನೊಂದು ಪ್ರಸಂಗ ಹೇಳಲೇಬೇಕು. ಒಂದು ಕೋಣೆಯಲ್ಲಿ ಸಾವಿರಾರು ವರ್ಷ ಹಿಂದಿನ ಮಣ್ಣಿನ ಆಟಿಕೆಗಳಿದ್ದವು. ಅಂಗೈಯಷ್ಟು ದೊಡ್ಡ ಒಂದು ಟಗರು, ಕಾಲಿನ ಜಾಗದಲ್ಲಿ ಚಕ್ರ, ಮೂತಿಯ ಹತ್ತಿರ ದಾರ ಪೋಣಿಸಲು ತೂತು. ಒಂದು ಕಿವಿ ಮುರಿದಿತ್ತು. ಹೊಟ್ಟೆಯ ಬಳಿ, ಒದ್ದೆ ಮಣ್ಣನ್ನು ಒತ್ತಿದವರ ಬೆರಳಿನ ಗುಳಿ ಹಾಗೇ ಉಳಿದಿತ್ತು. ದೊಡ್ಡವರು ಫಲಕ ಓದಿ ಮುಂದೆ ನಡೆದರು. ಗೆಳತಿಯ ಮಗಳು, ಎಂಟು ವರ್ಷದವಳು, ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತವಳು ಏಳಲೇ ಇಲ್ಲ. ನಾನು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಆಂಟಿ, ಇದನ್ನ ಇಲ್ಲಿಗೆ ತರೋ ಮುಂಚೆ, ಇದರ ಜೊತೆ ಆಡ್ತಿದ್ದ ಮಗೂನ ಕೇಳಿದ್ರಾ?"

ಆ ಮಗು ಹೋಗಿ ಎಷ್ಟೋ ಸಾವಿರ ವರ್ಷ ಆಯಿತು ಪುಟ್ಟಾ, ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ದತ್ತು ಅರ್ಜಿ ತುಂಬಿದವರಿಗೆ ಗೊತ್ತಿರುತ್ತದೆ, ಅದರಲ್ಲಿ ಪ್ರಶ್ನೆಗಳೆಲ್ಲ ನಮಗೇ: ಎಷ್ಟು ವಯಸ್ಸಿನ ಮಗು ಬೇಕು, ಹೆಣ್ಣೋ ಗಂಡೋ, ಯಾವ ಕಾಯಿಲೆಯಿದ್ದರೆ ನಿಭಾಯಿಸಬಲ್ಲಿರಿ, ಅಣ್ಣ ತಂಗಿಯರನ್ನು ಒಟ್ಟಿಗೆ ತೆಗೆದುಕೊಳ್ಳುತ್ತೀರಾ. ತಿಂಗಳುಗಟ್ಟಲೆ ಇವಕ್ಕೇ ಉತ್ತರ ಹುಡುಕುತ್ತ ಕೂತರೆ, ಆರಿಸುವವರು ನಾವು ಅನ್ನುವ ಭಾವನೆ ಗೊತ್ತಿಲ್ಲದೇ ಬೇರೂರುತ್ತದೆ. ಎಂಟು ವರ್ಷದ ಮಗುವಿಗೂ ಒಂದು ಅಭಿಪ್ರಾಯ ಇರುತ್ತದೆ. ಅದೂ ನಮ್ಮನ್ನು ನೋಡುತ್ತದೆ, ಅಳೆಯುತ್ತದೆ. ಬೇಡ ಅನ್ನಲೂಬಹುದು.

ಇದು ನನ್ನೊಬ್ಬಳ ಭಾವುಕತೆಯಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನ್ನ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಮಗುವಿಗೆ ತನಗೆ ಸಂಬಂಧಿಸಿದ ಎಲ್ಲ ವಿಷಯದಲ್ಲೂ ಅದನ್ನು ಹೇಳುವ ಹಕ್ಕಿದೆ, ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ. ದತ್ತು ವಿಷಯದಲ್ಲಿ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲೆ ಅನ್ನುವುದು 21ನೇ ವಿಧಿ. ದೇಶದಿಂದ ದೇಶಕ್ಕೆ ನಡೆಯುವ ದತ್ತು ಕುರಿತ 1993ರ ಹೇಗ್ ಒಪ್ಪಂದ, ಮಗುವಿನ ಇಷ್ಟವನ್ನು ಪರಿಗಣಿಸಬೇಕು, ಒಪ್ಪಿಗೆ ಬೇಕಾದ ಕಡೆ ಅದನ್ನು ಹಣದ ಆಮಿಷವಿಲ್ಲದೆ ಪಡೆದಿರಬೇಕು ಎಂದು ಹೇಳುತ್ತದೆ. ಒಂದು ವಯಸ್ಸು ದಾಟಿದ ಮಗುವಿನ ಒಪ್ಪಿಗೆಯಿಲ್ಲದೆ ದತ್ತು ಆಗುವುದೇ ಇಲ್ಲ ಎಂಬ ಕಾನೂನು ಹಲವು ದೇಶಗಳಲ್ಲಿದೆ. ನಿಮಗೆ ಅನ್ವಯಿಸುವ ನಿಯಮ ಯಾವುದು ಅಂತ ನಿಮ್ಮ ಸಮಾಜ ಕಾರ್ಯಕರ್ತರನ್ನು ಕೇಳಿ ತಿಳಿದುಕೊಳ್ಳಿ. ಜೊತೆಗೆ ಇನ್ನೊಂದನ್ನೂ ಕೇಳಿ: ಮಗುವನ್ನು ಯಾರು ಕೇಳುತ್ತಾರೆ, ಯಾವ ಮಾತಲ್ಲಿ, ಎಷ್ಟು ಸಲ, ಬೇಡ ಅಂದರೆ ಏನಾಗುತ್ತದೆ? ಈ ಪ್ರಶ್ನೆಗೆ ಅವರು ಕೊಡುವ ಉತ್ತರದಲ್ಲೇ ಅವರು ಹೇಗೆ ಕೆಲಸ ಮಾಡುತ್ತಾರೆ ಅನ್ನುವುದೂ ಗೊತ್ತಾಗುತ್ತದೆ.

ಮ್ಯೂಸಿಯಂ ಅಂದಾಗ ನನಗೆ ಸದಾ ನೆನಪಾಗುವ ಒಂದು ಸಂಗತಿ ಇದೆ. ಲಂಡನ್ನಿನಲ್ಲಿ ಥಾಮಸ್ ಕೋರಂ ಎಂಬ ಹಡಗಿನ ಕಪ್ತಾನ ಹೋರಾಡಿ, 1739ರಲ್ಲಿ ರಾಜನ ಅನುಮತಿ ಪಡೆದು, ಸಾಕಲಾಗದ ತಾಯಂದಿರ ಶಿಶುಗಳಿಗಾಗಿ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಆಶ್ರಯಧಾಮ ಕಟ್ಟಿದ. ಮಗುವನ್ನು ಬಿಟ್ಟುಹೋಗುವಾಗ ತಾಯಂದಿರು ಒಂದು ಗುರುತು ಇಡುತ್ತಿದ್ದರು: ಕೆತ್ತಿದ ನಾಣ್ಯ, ಗುಂಡಿ, ರಿಬ್ಬನ್, ಬಟ್ಟೆಯ ತುಂಡು. ಮುಂದೆ ಎಂದಾದರೂ ವಾಪಸ್ ಬಂದರೆ ಇದೇ ನನ್ನ ಮಗು ಅಂತ ತೋರಿಸಲು. ಮಗುವಿಗೆ ಮಾತ್ರ ಆ ಗುರುತನ್ನು ಕೊಡುತ್ತಿರಲಿಲ್ಲ. ಹೊಸ ಹೆಸರಿಟ್ಟು, ಗುರುತನ್ನು ದಾಖಲೆಯ ಜೊತೆ ಮುಚ್ಚಿಡುತ್ತಿದ್ದರು. 1741ರಿಂದ 1760ರವರೆಗೆ ಸೇರಿಸಿಕೊಂಡ 16,282 ಶಿಶುಗಳಲ್ಲಿ ವಾಪಸ್ ತಾಯ್ತಂದೆಯರ ಕೈ ಸೇರಿದ್ದು 152 ಮಾತ್ರ. ಅಂಥ ಗುರುತುಗಳು ಈಗ ಅಲ್ಲಿನ ಫೌಂಡ್ಲಿಂಗ್ ಮ್ಯೂಸಿಯಂನಲ್ಲಿವೆ. ತನಗಾಗಿ ಇಟ್ಟ ನಾಣ್ಯ ಒಂದಿದೆ ಅನ್ನುವುದೂ ಗೊತ್ತಿಲ್ಲದೆ ಆ ಮಕ್ಕಳು ಬೆಳೆದು ಮುದುಕರಾದರಲ್ಲ, ಅದನ್ನು ಯೋಚಿಸಿದರೆ ಇಂದಿಗೂ ನನಗೆ ತಡೆಯಲಾಗುವುದಿಲ್ಲ.

ಈಗ ಹಾಗಿಲ್ಲ. ಮಗುವಿನ ಹೆಸರು, ರಾಷ್ಟ್ರೀಯತೆ, ಕುಟುಂಬ ಸಂಬಂಧ ಇವೆಲ್ಲ ಅದರ ಗುರುತಿನ ಭಾಗ ಎಂದು 1989ರ ಒಡಂಬಡಿಕೆಯ 8ನೇ ವಿಧಿ ಹೇಳುತ್ತದೆ. ಮೂಲದ ದಾಖಲೆಗಳನ್ನು ಕಾಪಾಡಬೇಕು ಅನ್ನುವುದು ಹೇಗ್ ಒಪ್ಪಂದದ 30ನೇ ವಿಧಿ. ಆದರೆ ಕಾನೂನು ಮನೆಯೊಳಗೆ ಬರುವುದಿಲ್ಲ. ಮಗು ಒಂದು ಚೀಲದ ಜೊತೆ ಬಂತು ಅಂದುಕೊಳ್ಳಿ. ಒಳಗೆ ಬಿಗಿಯಾದ ಒಂದು ಅಂಗಿ, ಚಕ್ರ ಕಳಚಿದ ಆಟದ ಕಾರು, ಯಾರೋ ಬರೆದುಕೊಟ್ಟ ಚೀಟಿ. ನಮ್ಮ ಕೈ ಸುಮ್ಮನಿರುವುದಿಲ್ಲ, ಹಳೆಯದನ್ನು ಎಸೆದು ಹೊಸದು ಕೊಡಿಸೋಣ ಅನ್ನಿಸುತ್ತದೆ. ದಯವಿಟ್ಟು ಎಸೆಯಬೇಡಿ. ಮಗುವನ್ನು ಕೇಳದೆ ಒಗೆಯಲೂ ಬೇಡಿ, ಆ ಅಂಗಿಯ ವಾಸನೆಯಲ್ಲೇ ಅದಕ್ಕೆ ಒಂದು ಮನೆ ಇರಬಹುದು. ಹೆಸರು ಬದಲಿಸುವ ಯೋಚನೆಯನ್ನು ಅರ್ಜಿ ಹಾಕುವಾಗಲೇ ಕೈಬಿಡಿ, ಎಂಟು ವರ್ಷ ಕರೆಸಿಕೊಂಡ ಹೆಸರು ಅದು. ಲೈಫ್ ಸ್ಟೋರಿ ಬುಕ್ ಅಂತ ಇರುತ್ತದೆ, ಮಗು ಎಲ್ಲಿ ಹುಟ್ಟಿತು, ಯಾರು ಯಾರು ನೋಡಿಕೊಂಡರು, ಯಾಕೆ ಜಾಗ ಬದಲಾಯಿತು ಅನ್ನುವುದನ್ನು ಮಗುವಿಗೆ ಅರ್ಥವಾಗುವ ಮಾತಲ್ಲಿ, ಫೋಟೋ ಸಮೇತ ಬರೆದಿಡುವ ಪುಸ್ತಕ. ಅದು ಇದ್ದರೆ ಕೇಳಿ ಪಡೆದುಕೊಳ್ಳಿ. ಇಲ್ಲದಿದ್ದರೆ, ನೋಡಿಕೊಂಡವರು ಇನ್ನೂ ಅಲ್ಲಿರುವಾಗಲೇ ಹೋಗಿ ಕೂತು ಬರೆದುಕೊಳ್ಳಿ. ಆಮೇಲೆ ಅವರು ಕೆಲಸ ಬಿಟ್ಟು ಹೋದರೆ ಹೇಳುವವರೇ ಇರುವುದಿಲ್ಲ.

ಇನ್ನು ಸ್ನೇಹಿತರ ವಿಷಯ. ನಾವು ಮಾಡಿಕೊಂಡ ಕಟ್ಟುಪಾಡು ಇಷ್ಟೇ: ನಮ್ಮ ಆಸೆಯನ್ನು ಹೇಳುತ್ತೇವೆ, ಮಗುವಿನ ಕಥೆಯನ್ನು ಹೇಳುವುದಿಲ್ಲ. ಅದರ ತಾಯ್ತಂದೆ ಯಾರು, ಏನಾಯಿತು, ಯಾಕೆ ಬಿಟ್ಟರು ಅನ್ನುವುದು ಆ ಮಗುವಿಗೆ ಸೇರಿದ್ದು. ಇಂದು ನಾವು ಗೆಳೆತನದ ಸಲುಗೆಯಲ್ಲಿ ಬಾಯಿಬಿಟ್ಟರೆ ನಾಳೆ ಅವರ ಮಕ್ಕಳ ಕಿವಿಗೆ, ನಾಡಿದ್ದು ಶಾಲೆಗೆ ಹೋಗುತ್ತದೆ. ಮಗುವಿನ ಬಗ್ಗೆ ಇನ್ನೂ ಏನೂ ಗೊತ್ತಿಲ್ಲದ ಈ ಹೊತ್ತೇ ಈ ಗೆರೆ ಎಳೆಯಲು ಸುಲಭ.

"ದೊಡ್ಡ ಮಗು ಹೊಂದಿಕೊಳ್ಳುತ್ತಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಣ್ಣ ಹಚ್ಚದೆ ಉತ್ತರಿಸಿ. ಮಗುವಿನ ಬೆಳವಣಿಗೆಗೆ ನಂಬಿಕೆಯ ಒಬ್ಬ ಪೋಷಕರ ಬಾಂಧವ್ಯ ಎಷ್ಟು ಮುಖ್ಯ ಅಂತ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಕೊಟ್ಟಿದ್ದರು. 1989ರ ನಂತರ ರೊಮೇನಿಯಾದ ಘೋರ ಅನಾಥಾಲಯಗಳಿಂದ ಬ್ರಿಟನ್ನಿಗೆ ದತ್ತು ಬಂದ ಮಕ್ಕಳನ್ನು ಮಕ್ಕಳ ಮನೋವೈದ್ಯ ಮೈಕಲ್ ರಟರ್ ಅವರ ತಂಡ ಯೌವನದವರೆಗೂ ಹಿಂಬಾಲಿಸಿ ನೋಡಿತು. ಆರು ತಿಂಗಳಿಗಿಂತ ಹೆಚ್ಚು ಅಲ್ಲಿದ್ದವರಲ್ಲಿ ದೊಡ್ಡವರಾದ ಮೇಲೂ ತೊಂದರೆಗಳು ಹೆಚ್ಚಾಗಿ ಕಂಡವು. ಅದೇ ಗುಂಪಿನಲ್ಲಿ ಐವರಲ್ಲಿ ಒಬ್ಬರಿಗೆ ಹೇಳಿಕೊಳ್ಳುವಂಥ ಯಾವ ತೊಂದರೆಯೂ ಇರಲಿಲ್ಲ. ಅವು ಅತಿ ಕಠೋರ ಪರಿಸ್ಥಿತಿಯ ಮಕ್ಕಳು, ಎಲ್ಲ ಮಕ್ಕಳೂ ಹಾಗಿರುವುದಿಲ್ಲ. ನಾನು ಇದರಿಂದ ತಿಳಿದುಕೊಂಡದ್ದು, ಪ್ರೀತಿಯೊಂದೇ ಸಾಕು ಅಂದುಕೊಂಡು ಹೊರಡಬಾರದು. ಕೌನ್ಸೆಲರ್ ಯಾರು, ಶಾಲೆಯಲ್ಲಿ ಯಾರ ಹತ್ತಿರ ಮಾತಾಡಬೇಕು, ನಮ್ಮಲ್ಲಿ ಯಾರು ಎಷ್ಟು ದಿನ ಕೆಲಸಕ್ಕೆ ರಜೆ ಹಾಕಬಹುದು ಅನ್ನುವುದೆಲ್ಲ ಮೊದಲೇ ಗೊತ್ತಿರಬೇಕು. ಬಂದ ಹೊಸದರಲ್ಲಿ ಮಗು ಅತಿ ವಿಧೇಯವಾಗಿ ಇರಬಹುದು, ಆಮೇಲೆ ಇವರು ನನ್ನನ್ನು ಇಟ್ಟುಕೊಳ್ಳುತ್ತಾರಾ ಅಂತ ಪರೀಕ್ಷೆ ಮಾಡಬಹುದು. ತಿಂಡಿ ಹಾಸಿಗೆಯಡಿ ಬಚ್ಚಿಡಬಹುದು. ಗುರುತಿಲ್ಲದವರ ತೊಡೆಯೇರಿ ಕೂರಬಹುದು. ಇದನ್ನು ನೋಡಿ ಸ್ನೇಹಿತರು "ಎಷ್ಟು ಬೇಗ ಹೊಂದಿಕೊಂಡಿತು" ಅಂತ ಖುಷಿಪಡುತ್ತಾರೆ. ತನ್ನವರು ಯಾರು ಅಂತ ಮಗುವಿಗೆ ಇನ್ನೂ ತಿಳಿಯದಿರುವ ಲಕ್ಷಣವೂ ಅದಾಗಿರಬಹುದು. ಅದಕ್ಕೇ ಮೊದಮೊದಲು ಎತ್ತಿ ಮುದ್ದಾಡುವುದು, ಉಣಿಸುವುದು, ಬಿದ್ದಾಗ ಸಮಾಧಾನ ಮಾಡುವುದು ಅಪ್ಪ ಅಮ್ಮನೇ ಆಗಿರಬೇಕು ಅಂತ ನಮಗೆ ತರಬೇತಿಯಲ್ಲಿ ಹೇಳಿಕೊಟ್ಟರು. ಸ್ನೇಹಿತರಿಗೆ ಇದನ್ನು ಈಗಲೇ ಹೇಳಿಟ್ಟರೆ ಆಗ ಬೇಸರವಾಗುವುದಿಲ್ಲ.

ಮ್ಯೂಸಿಯಂಗೆ ಹೋದಾಗ ಮಕ್ಕಳನ್ನು ಗಮನಿಸಿ, ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗಂತೂ ಕಂಡಿಲ್ಲ. ಅಂದು ನಮ್ಮ ಜೊತೆ ಬಂದಿದ್ದ ಮಕ್ಕಳಲ್ಲಿ ಒಬ್ಬನಿಗೆ ಅಸ್ಥಿಪಂಜರಕ್ಕಿಂತ ಅದನ್ನು ತೂಗುಹಾಕಿದ್ದ ತಂತಿಯೇ ಮುಖ್ಯವಾಗಿತ್ತು, ಒಬ್ಬಳು ಕತ್ತಲೆ ಕೋಣೆಗೆ ಕಾಲಿಡಲಿಲ್ಲ. ಸುತ್ತಿ ಸುತ್ತಿ ಮಕ್ಕಳಿಗೆ ಸುಸ್ತೂ ಆಗುತ್ತದೆ. ಅದು ಮಕ್ಕಳಿಗೆ ಮಾತ್ರವೂ ಅಲ್ಲ: ಬಾಸ್ಟನ್ನಿನ ಕಲಾ ಮ್ಯೂಸಿಯಂನ ಬೆಂಜಮಿನ್ ಗಿಲ್ಮನ್ 1916ರಲ್ಲೇ ಮ್ಯೂಸಿಯಂ ಆಯಾಸದ ಬಗ್ಗೆ ಬರೆದಿದ್ದಾರೆ. ಮುಂದೆ ನಿಮ್ಮ ಮಗುವನ್ನು ಕರೆದೊಯ್ಯುವಾಗ ಒಂದೇ ಕೋಣೆ ಸಾಕು, ಯಾವುದು ಅಂತ ಮಗುವೇ ಆರಿಸಲಿ, ಹೊರಬರುವ ಬಾಗಿಲು ಎಲ್ಲಿದೆ ಅಂತ ಮೊದಲೇ ತೋರಿಸಿ. ಸ್ನೇಹಿತರ ಇಡೀ ಗುಂಪಿನ ಜೊತೆ ಹೋಗುವುದು ತುಂಬ ಆಮೇಲಿನ ಮಾತು.

ಸ್ನೇಹಿತರಿಗೆ ಹೇಗೆ ಹೇಳುವುದು ಅಂತ ತೋಚದಿದ್ದರೆ ನಾವು ಹೇಳಿದ್ದನ್ನೇ ಬಳಸಿಕೊಳ್ಳಿ. ಮಕ್ಕಳು ಅಂಗಳದಲ್ಲಿ ಓಡಾಡುತ್ತಿದ್ದಾಗ ನನ್ನ ಗಂಡ ಹೇಳಿದರು: "ನಾವು ಒಂದು ದೊಡ್ಡ ಮಗುವನ್ನ ದತ್ತು ತಗೋಬೇಕು ಅಂತಿದ್ದೀವಿ. ಯಾವಾಗ ಅಂತ ಗೊತ್ತಿಲ್ಲ. ಮಗು ಒಪ್ಪಿದರೆ ಬರುತ್ತೆ. ಬಂದ ಮೇಲೆ ಸ್ವಲ್ಪ ದಿನ ನಾವು ಯಾರಿಗೂ ಸಿಗಲ್ಲ, ತಪ್ಪು ತಿಳಿಬೇಡಿ. ಅದರ ಹಿಂದಿನದನ್ನ ಮಾತ್ರ ಕೇಳಬೇಡಿ, ಅದಾಗೇ ಹೇಳಿದರೆ ಕೇಳಿಸ್ಕೊಳ್ಳಿ." ಗೆಳತಿ ನನ್ನ ಕೈ ಹಿಡಿದುಕೊಂಡು, ಆ ದಿನಗಳಲ್ಲಿ ನಿಮಗೆ ಹೊರಗಿನ ಕೆಲಸ ಏನಿದ್ದರೂ ನನಗೆ ಫೋನ್ ಮಾಡು ಅಂದಳು. ಅವಳ ಮಗಳು ಓಡಿ ಬಂದು, ಬರೋ ಮಗುವಿನ ಹೆಸರೇನು ಅಂತ ಕೇಳಿದಳು. ಅದನ್ನ ಅದೇ ಬಂದು ಹೇಳುತ್ತೆ, ಅಂದೆ.